ನೊಂದ ಮನಸ್ಸಿಗೆ ಬೆಟ್ಟ: ಎಷ್ಟು, ಹೇಗೆ, ಯಾವಾಗ ಬೇಡ

ಮನಸ್ಸು ಕುಸಿದಿದೆ, ಒಂದು ಬೆಟ್ಟ ಹತ್ತಿ ಬಂದರೆ ಸರಿಹೋದೀತು ಎಂಬ ನಂಬಿಕೆಯಲ್ಲಿ ಕೊಡಗಿಗೆ ಬರುವವರಿದ್ದಾರೆ. ಕೊಡಗಿನಲ್ಲೇ ಇದ್ದು, ಮನೆಯ ಹಿಂದಿನ ಗುಡ್ಡವನ್ನು ವರ್ಷಗಳಿಂದ ಹತ್ತದೆ ಇರುವವರೂ ಇದ್ದಾರೆ. ಹತ್ತಿದವರಲ್ಲಿ ಕೆಲವರು ಹಗುರಾಗಿ ಇಳಿಯುತ್ತಾರೆ. ಇನ್ನು ಕೆಲವರು ಭಾನುವಾರ ನಗುತ್ತಾ ಫೋಟೋ ತೆಗೆಸಿಕೊಂಡು, ಮಂಗಳವಾರದ ಹೊತ್ತಿಗೆ ಮೊದಲಿಗಿಂತ ಹೆಚ್ಚು ಕುಗ್ಗಿರುತ್ತಾರೆ. ಬೆಟ್ಟ ಇಬ್ಬರಿಗೂ ಒಂದೇ. ಬೇರೆಯಾಗಿದ್ದು ಎಷ್ಟು ಏರಿದರು, ಯಾವ ವೇಗದಲ್ಲಿ ಏರಿದರು, ಯಾರ ಜೊತೆ ಏರಿದರು, ಇಳಿದ ಮೇಲಿನ ಎರಡು ದಿನ ಏನು ಮಾಡಿದರು ಎಂಬುದು. ಶಿಖರಕ್ಕೆ ಈ ಲೆಕ್ಕದಲ್ಲಿ ತೀರಾ ಸಣ್ಣ ಪಾತ್ರ.

ಏರು ಮನಸ್ಸಿಗೆ ಮಾಡುವುದೇನು

ದುಃಖ, ಖಿನ್ನತೆ, ಸಂಬಂಧ ಮುರಿದ ನೋವು ಇವೆಲ್ಲದರಲ್ಲೂ ಸಾಮಾನ್ಯವಾಗಿ ಕಾಣುವ ಒಂದು ತೊಂದರೆ ಎಂದರೆ ಮೆಲುಕು. ಅದೇ ಮಾತು, ಅದೇ ದೃಶ್ಯ, ‘ಹಾಗೆ ಮಾಡಬಾರದಿತ್ತು’ ಎಂಬ ಅದೇ ವಾಕ್ಯ ತಲೆಯಲ್ಲಿ ತಿರುಗುತ್ತಲೇ ಇರುತ್ತದೆ. ಕುಳಿತಲ್ಲೇ ಕುಳಿತು ಅದನ್ನು ನಿಲ್ಲಿಸುವುದು ಕಷ್ಟ. 2015ರಲ್ಲಿ ಪ್ರಕಟವಾದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಅಧ್ಯಯನವೊಂದು ಇದನ್ನೇ ಅಳೆಯಿತು. ಒಂದು ಗುಂಪು 90 ನಿಮಿಷ ಮರಗಿಡಗಳ ನಡುವೆ ನಡೆಯಿತು, ಇನ್ನೊಂದು ವಾಹನ ಓಡಾಡುವ ರಸ್ತೆಯ ಪಕ್ಕ ನಡೆಯಿತು. ಹಸಿರಿನಲ್ಲಿ ನಡೆದವರಲ್ಲಿ ಮೆಲುಕು ತಗ್ಗಿತ್ತು. ಅದಕ್ಕೆ ಸಂಬಂಧಪಟ್ಟ ಮೆದುಳಿನ ಭಾಗದ ಚಟುವಟಿಕೆಯೂ ಇಳಿದಿತ್ತು.

ಏರುಹಾದಿ ಇದಕ್ಕೆ ಇನ್ನೆರಡು ಸಂಗತಿಗಳನ್ನು ಸೇರಿಸುತ್ತದೆ. ಮೊದಲನೆಯದು ಕಾಲಿನ ಕೆಲಸ. ಶೋಲಾ, ಅಂದರೆ ಬೆಟ್ಟದ ಮಡಿಲಿನ ದಟ್ಟ ಕಾಡಿನೊಳಗಿನ ದಾರಿಯಲ್ಲಿ ಬೇರು, ಸಡಿಲ ಕಲ್ಲು, ಒದ್ದೆ ಎಲೆ ಇವುಗಳ ನಡುವೆ ಪ್ರತಿ ಹೆಜ್ಜೆಗೂ ಜಾಗ ಹುಡುಕಬೇಕು. ಆ ಹುಡುಕಾಟಕ್ಕೆ ಗಮನ ಖರ್ಚಾಗುವುದರಿಂದ ಮೆಲುಕಿಗೆ ಉಳಿಯುವುದು ಕಡಿಮೆ. ಎರಡನೆಯದು ಹೃದಯದ ಕೆಲಸ. ಸಮತಟ್ಟು ರಸ್ತೆಯಲ್ಲಿ ಎದೆಬಡಿತ ಏರಬೇಕಾದರೆ ಬಿರುಸಾಗಿ ನಡೆಯಬೇಕು, ಖಿನ್ನತೆಯಲ್ಲಿರುವ ಅನೇಕರಿಗೆ ಅದು ಕಷ್ಟ. ಏರಿನಲ್ಲಿ ಆಮೆನಡಿಗೆಯೂ ಸಾಕು, ಶರೀರಕ್ಕೆ ಮಧ್ಯಮ ಮಟ್ಟದ ವ್ಯಾಯಾಮ ತಾನಾಗಿಯೇ ಸಿಗುತ್ತದೆ.

ಬೆಳಕನ್ನೂ ಮರೆಯಬಾರದು. ಮೋಡ ಕವಿದ ಬೆಳಿಗ್ಗೆಯಲ್ಲೂ ಹೊರಗಿನ ಬೆಳಕು ಮನೆಯೊಳಗಿನದಕ್ಕಿಂತ ಹತ್ತಾರು ಪಟ್ಟು ಹೆಚ್ಚು. ಮರದ ನೆರಳಿನಲ್ಲಿ ಮುಳುಗಿದ ತೋಟದ ಮನೆಗಳಲ್ಲಿ ಹಗಲಿನಲ್ಲೂ ದೀಪ ಹಾಕುವುದು ಕೊಡಗಿನಲ್ಲಿ ಹೊಸದಲ್ಲ. ಬೆಳಿಗ್ಗೆ ಅರ್ಧ ಗಂಟೆ ಬಯಲಿನ ಬೆಳಕು ಕಣ್ಣಿಗೆ ಬಿದ್ದರೆ ದೇಹದ ಗಡಿಯಾರ ಸರಿಯಾಗಿ, ರಾತ್ರಿ ನಿದ್ದೆ ಹೊತ್ತಿಗೆ ಸರಿಯಾಗಿ ಬರತೊಡಗುತ್ತದೆ. ನೊಂದವರಲ್ಲಿ ಮೊದಲು ಕೆಡುವುದು ನಿದ್ದೆ, ಮೊದಲು ಸರಿಪಡಿಸಿಕೊಳ್ಳಬೇಕಾದದ್ದೂ ಅದೇ.

ಬೆಟ್ಟವನ್ನೇ ಚಿಕಿತ್ಸೆಯ ಭಾಗವಾಗಿ ಪರೀಕ್ಷಿಸಿದ ಅಧ್ಯಯನಗಳು ಕೆಲವೇ. ಅವುಗಳಲ್ಲಿ ಒಂದು ಆಸ್ಟ್ರಿಯಾದ ಸಾಲ್ಸ್‌ಬರ್ಗ್‌ನದು, 2012ರಲ್ಲಿ ಪ್ರಕಟವಾದದ್ದು. ಹಿಂದೆ ಆತ್ಮಹತ್ಯೆಗೆ ಯತ್ನಿಸಿ, ತೀವ್ರ ಹತಾಶೆಯಲ್ಲಿದ್ದ 20 ಜನ ಅದರಲ್ಲಿದ್ದರು. 9 ವಾರ, ವಾರಕ್ಕೆ ಎರಡು ಮೂರು ಸಲ, ಪ್ರತಿ ಸಲ ಎರಡರಿಂದ ಎರಡೂವರೆ ಗಂಟೆ ಮೇಲ್ವಿಚಾರಣೆಯಲ್ಲಿ ಬೆಟ್ಟದ ನಡಿಗೆ. ಹತಾಶೆ ಮತ್ತು ಖಿನ್ನತೆ ಎರಡೂ ಇಳಿದವು. ಜರ್ಮನಿಯ ಎರ್ಲಾಂಗೆನ್‌ನಲ್ಲಿ ಖಿನ್ನತೆಯ ರೋಗಿಗಳಿಗೆ ತಗ್ಗಿನ ಬಂಡೆಗೋಡೆ ಹತ್ತಿಸುವುದನ್ನೂ ಮನೋಚಿಕಿತ್ಸೆಯನ್ನೂ ಸೇರಿಸಿದ ಗುಂಪು ಕಾರ್ಯಕ್ರಮ ನಡೆದಿದೆ, ಅಲ್ಲೂ ಫಲ ಕಂಡಿತು. ಎರಡರಲ್ಲೂ ಗಮನಿಸಬೇಕಾದದ್ದು ಒಂದೇ: ವಾರವಾರವೂ ಮರುಕಳಿಸಿದ ಸಣ್ಣ ಏರು, ಜೊತೆಗೆ ತರಬೇತಾದ ಜನ. ಒಂದೇ ಸಲದ ಮಹಾಯಾತ್ರೆಯನ್ನು ಯಾರೂ ಮದ್ದೆಂದು ಕೊಟ್ಟಿಲ್ಲ. ಅಧ್ಯಯನದ ಗಾತ್ರವೂ ಸಣ್ಣದೇ, ಆದ್ದರಿಂದ ಬೆಟ್ಟ ಮಾತ್ರೆಯ ಬದಲಿ ಎಂದು ಯಾರಾದರೂ ಹೇಳಿದರೆ ಕಿವಿಗೊಡಬೇಡಿ.

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ಕಾಫಿ ಕುಯ್ಲಿನ ತಿಂಗಳುಗಳಲ್ಲಿ ದಿನವಿಡೀ ಚೀಲ ಹೊತ್ತು ಇಳಿಜಾರು ಹತ್ತಿ ಇಳಿಯುವ ಕಾರ್ಮಿಕರ ಮನಸ್ಸೆಲ್ಲ ಹಾಗಾದರೆ ಹೂವಿನಂತಿರಬೇಕಲ್ಲವೇ? ಇಲ್ಲ. ತಾನೇ ಆರಿಸಿಕೊಂಡ, ಬೇಡವೆನಿಸಿದಾಗ ನಿಲ್ಲಿಸಬಹುದಾದ ಶ್ರಮಕ್ಕೂ ಕೂಲಿಗಾಗಿ ಮಾಡಲೇಬೇಕಾದ ಶ್ರಮಕ್ಕೂ ಮನಸ್ಸು ಬೇರೆ ಬೇರೆ ರೀತಿಯಲ್ಲಿ ಸ್ಪಂದಿಸುತ್ತದೆ. ನೊಂದವರನ್ನು ಎಳೆದುಕೊಂಡು ಬೆಟ್ಟಕ್ಕೆ ಹೋಗುವ ನೆಂಟರು ಇದನ್ನು ತಿಳಿದಿರಬೇಕು. ‘ಬಾ, ಸರಿಹೋಗ್ತೀಯ’ ಎಂದು ಬಲವಂತದಿಂದ ಹತ್ತಿಸಿದ ಬೆಟ್ಟ ಇನ್ನೊಂದು ಕೂಲಿಯಾಗುತ್ತದೆ.

ಒಂಬತ್ತು ವಾರದ ಏರು

ಮೊದಲ ಎರಡು ವಾರ ಬೆಟ್ಟದ ಹೆಸರೇ ಬೇಡ. ವಾರಕ್ಕೆ ಮೂರು ದಿನ, 20ರಿಂದ 30 ನಿಮಿಷ, ಒಟ್ಟು 50ರಿಂದ 100 ಮೀಟರ್ ಎತ್ತರ ಏರುವ ಯಾವುದಾದರೂ ದಾರಿ. ಮಡಿಕೇರಿಯಲ್ಲಿರುವವರಿಗೆ ಹುಡುಕುವ ಕೆಲಸವೇ ಇಲ್ಲ, ಊರಿನ ಯಾವ ರಸ್ತೆ ಹಿಡಿದರೂ ಏರು ಇಲ್ಲವೇ ಇಳಿಜಾರು. ತೋಟದಲ್ಲಿರುವವರಿಗೆ ಜೀಪು ಓಡಾಡುವ ಮಣ್ಣುರಸ್ತೆ ಸಾಕು. ಬಯಲುಸೀಮೆಯಲ್ಲಿರುವವರು ಕಟ್ಟಡದ ಮೆಟ್ಟಿಲನ್ನು ಲೆಕ್ಕಕ್ಕೆ ಹಿಡಿಯಬಹುದು: ಒಂದು ಮಹಡಿಗೆ 3 ಮೀಟರ್ ಎಂದರೆ 100 ಮೀಟರಿಗೆ ಸುಮಾರು 33 ಮಹಡಿ. ಇಷ್ಟನ್ನೂ ಒಮ್ಮೆಗೇ ಮಾಡಬೇಕಾಗಿಲ್ಲ.

ಮೂರು, ನಾಲ್ಕನೆಯ ವಾರ 45ರಿಂದ 60 ನಿಮಿಷ, 150ರಿಂದ 200 ಮೀಟರ್ ಏರು. ಕಕ್ಕಬ್ಬೆಯ ಕಡೆಯವರಿಗೆ ಕೈಕಂಬದಿಂದ ನಾಲ್ಕುನಾಡು ಅರಮನೆಯವರೆಗಿನ ಡಾಂಬರು ಏರು ಒಳ್ಳೆಯ ಅಭ್ಯಾಸ. 1792ರಲ್ಲಿ ದೊಡ್ಡವೀರರಾಜೇಂದ್ರ ಕಟ್ಟಿಸಿದ ಆ ಅರಮನೆಯ ಅಂಗಳದಲ್ಲಿ ಹತ್ತು ನಿಮಿಷ ಕೂತು ವಾಪಸಾದರೆ ಆ ದಿನದ ಕೆಲಸ ಮುಗಿಯಿತು. ದಕ್ಷಿಣ ಕೊಡಗಿನವರು ಇರ್ಪು ಜಲಪಾತದ ಮೆಟ್ಟಿಲುದಾರಿಯನ್ನು ಬಳಸಿಕೊಳ್ಳಬಹುದು. ಶಿವರಾತ್ರಿಯ ಜನಜಂಗುಳಿ ಬಿಟ್ಟು ಬೇರೆ ದಿನ, ಬೆಳಿಗ್ಗೆ ಹೋಗಿ.

ಐದು, ಆರನೆಯ ವಾರ ವಾರಕ್ಕೊಂದು ಎರಡು ಗಂಟೆಯ ನಡಿಗೆ, 300 ಮೀಟರ್ ಏರು. ಉಳಿದ ಎರಡು ದಿನ ಹಿಂದಿನ ವಾರಗಳ ಸಣ್ಣ ದಾರಿಯೇ ಇರಲಿ. ಏಳು, ಎಂಟರಲ್ಲಿ ಅರ್ಧ ದಿನದ್ದು: ಅರಮನೆಯಿಂದ ಕೊಡಗಿನ ಅತಿ ಎತ್ತರದ ಬೆಟ್ಟವಾದ ತಡಿಯಂಡಮೋಳ್ ದಾರಿಯಲ್ಲಿ ಅರ್ಧಕ್ಕೆ ಸಿಗುವ ದೊಡ್ಡ ಬಂಡೆಯವರೆಗೆ ಹೋಗಿ ತಿರುಗುವುದು. ‘ಅಷ್ಟು ಹೋದವರು ತುದಿ ಮುಟ್ಟದೆ ಬರುವುದೇ?’ ಎಂದು ಯಾರಾದರೂ ಕೇಳುತ್ತಾರೆ. ಬರಬೇಕು. ಅರ್ಧದಲ್ಲಿ ತಿರುಗುವುದನ್ನು ಬೇಕೆಂದೇ ಅಭ್ಯಾಸ ಮಾಡಬೇಕು, ಕಾರಣ ಮುಂದೆ ಬರುತ್ತದೆ. ಒಂಬತ್ತನೆಯ ವಾರ ಬೇಕಿದ್ದರೆ 1748 ಮೀಟರಿನ ತುದಿ. ಅರಮನೆಯಿಂದ ಒಂದು ಬದಿಗೆ ಸುಮಾರು 6ರಿಂದ 7 ಕಿ.ಮೀ. ದಾರಿಯ ಮೊದಲ ಭಾಗ ಜೀಪುರಸ್ತೆ, ನಡುವೆ ಹುಲ್ಲುಗಾವಲು, ಕೊನೆಯಲ್ಲಿ ಶೋಲಾ ಕಾಡಿನ ಕಡಿದಾದ ಏರು. ಬಹುತೇಕರು ದಣಿಯುವುದು, ಅಳುವುದು, ಜಗಳವಾಡುವುದು ಆ ಕೊನೆಯ ಏರಿನಲ್ಲಿ.

ಪುಷ್ಪಗಿರಿ, ಅಂದರೆ ಕುಮಾರಪರ್ವತ, 1712 ಮೀಟರ್. ಎತ್ತರ ತಡಿಯಂಡಮೋಳ್‌ಗಿಂತ ಕಡಿಮೆ ಎಂದು ಮೋಸಹೋಗಬೇಡಿ. ಕುಕ್ಕೆ ಕಡೆಯಿಂದ ಹತ್ತುವುದಾದರೆ ತಪ್ಪಲು ತೀರಾ ಕೆಳಗಿದೆ, ಏರಬೇಕಾದ ಎತ್ತರ ಬಹಳ ಹೆಚ್ಚು. ಸೋಮವಾರಪೇಟೆ ಕಡೆಯ ಬೀದಹಳ್ಳಿಯಿಂದ ದಾರಿ ಚಿಕ್ಕದು, ಆದರೂ ತುದಿಯ ಹತ್ತಿರ ಬಂಡೆ ಕಡಿದು. ಮನಸ್ಸು ಗಟ್ಟಿಯಿಲ್ಲದ ಕಾಲಕ್ಕೆ ಇದು ಹೇಳಿದ್ದಲ್ಲ. ಮಾಂದಲಪಟ್ಟಿಗೆ ಜೀಪಿನಲ್ಲಿ ಹೋಗಿ ನೋಡಿಬರುವುದು ಸಂತೋಷದ ಕೆಲಸ, ಅಭ್ಯಂತರವಿಲ್ಲ. ಮೇಲೆ ವಿವರಿಸಿದ ಪರಿಣಾಮಗಳಲ್ಲಿ ಹೆಚ್ಚಿನವು ಮಾತ್ರ ಜೀಪಿನವರಿಗೆ ಸಿಗುವುದಿಲ್ಲ.

ಅನುಮತಿಯ ವಿಷಯ ಚುಟುಕಾಗಿ: ತಡಿಯಂಡಮೋಳ್, ಪುಷ್ಪಗಿರಿ, ಇರ್ಪು ಮೇಲಿನ ಬ್ರಹ್ಮಗಿರಿ ಇವೆಲ್ಲ ಅರಣ್ಯ ಇಲಾಖೆಯ ಸುಪರ್ದಿನಲ್ಲಿವೆ. 2024ರ ಜನವರಿಯಲ್ಲಿ ಕುಮಾರಪರ್ವತದಲ್ಲಿ ನೂಕುನುಗ್ಗಲಾದ ಮೇಲೆ ಆನ್‌ಲೈನ್ ಬುಕಿಂಗ್ ಬಿಗಿಯಾಗಿದೆ. ಮಳೆಗಾಲದಲ್ಲೂ ಬೇಸಿಗೆಯ ಕಾಳ್ಗಿಚ್ಚಿನ ಕಾಲದಲ್ಲೂ ದಾರಿ ಮುಚ್ಚುತ್ತಾರೆ. ಹೊರಡುವ ಮೊದಲು ವಿಚಾರಿಸಿ. ಬಾಗಿಲವರೆಗೆ ಬಂದು ವಾಪಸ್ ಕಳಿಸಿಕೊಳ್ಳುವುದು ಗಟ್ಟಿ ಮನಸ್ಸಿನವರಿಗೆ ಬರೀ ಕಿರಿಕಿರಿ, ಕುಗ್ಗಿದವರಿಗೆ ‘ನನಗೆ ಏನೂ ಕೂಡಿಬರುವುದಿಲ್ಲ’ ಎಂಬುದಕ್ಕೆ ಇನ್ನೊಂದು ಸಾಕ್ಷಿ.

ನಡಿಗೆಯ ವೇಗ, ಉಸಿರು, ಮೊದಲ ಅರ್ಧ ಗಂಟೆ

ವೇಗಕ್ಕೆ ಮೀಟರು ಬೇಡ, ಮಾತೇ ಸಾಕು. ಒಂದು ಪೂರ್ತಿ ವಾಕ್ಯವನ್ನು ಉಸಿರು ಕಡಿಯದೆ ಹೇಳಲು ಆಗುತ್ತಿದ್ದರೆ ವೇಗ ಸರಿಯಿದೆ. ಒಂದೊಂದೇ ಪದ ಹೊರಡುತ್ತಿದ್ದರೆ ಮಿತಿ ಮೀರಿದೆ. ಆ ಮಿತಿಯ ಮೇಲೆ ದೇಹ ಶ್ರಮವನ್ನು ಹಿತವೆಂದು ಗ್ರಹಿಸುವುದನ್ನು ನಿಲ್ಲಿಸುತ್ತದೆ, ಅಲ್ಲಿಂದಾಚೆ ಪ್ರತಿ ನಿಮಿಷವೂ ಶಿಕ್ಷೆ. ಹಾಗೆ ಹತ್ತಿದವರು ಎರಡನೆಯ ಸಲ ಬರುವುದಿಲ್ಲ. ಸೇನೆಯಿಂದ ನಿವೃತ್ತರಾದವರು ಮನೆಮನೆಯಲ್ಲಿರುವ ಜಿಲ್ಲೆಯಿದು, ಅವರ ನಡಿಗೆಯ ಲಯ ಹಿಡಿದು ಹೊರಟರೆ ಹೊಸಬರು ಮೊದಲ ತಿರುವಿನಲ್ಲೇ ಕೂರಬೇಕಾಗುತ್ತದೆ.

ಕಡಿದಾದ ಜಾಗದಲ್ಲಿ ಒಂದು ಉಪಾಯವಿದೆ. ಪ್ರತಿ ಹೆಜ್ಜೆಯಲ್ಲೂ ಹಿಂದಿನ ಕಾಲಿನ ಮಂಡಿಯನ್ನು ನೆಟ್ಟಗೆ ಮಾಡಿ, ಅರೆಕ್ಷಣ ಮೈಭಾರವನ್ನು ಆ ಮೂಳೆಯ ಮೇಲೆ ಬಿಟ್ಟು, ಆಮೇಲೆ ಮುಂದಿನ ಕಾಲಿಗೆ ಭಾರ ಬದಲಿಸುವುದು. ತೊಡೆಯ ಸ್ನಾಯುವಿಗೆ ಪ್ರತಿ ಹೆಜ್ಜೆಗೂ ಪುಟ್ಟ ವಿಶ್ರಾಂತಿ ಸಿಗುತ್ತದೆ. ಉಸಿರನ್ನು ಹೆಜ್ಜೆಗೆ ಕಟ್ಟಿಕೊಳ್ಳಿ: ಎರಡು ಹೆಜ್ಜೆಗೆ ಒಳಗೆ, ಮೂರು ಹೆಜ್ಜೆಗೆ ಹೊರಗೆ. ತೀರಾ ಕಡಿದಾದರೆ ಒಂದಕ್ಕೆ ಒಳಗೆ, ಎರಡಕ್ಕೆ ಹೊರಗೆ. ಹೊರಬಿಡುವ ಉಸಿರು ಉದ್ದವಾದಷ್ಟೂ ಎದೆಬಡಿತ ತಗ್ಗುತ್ತದೆ, ಎಣಿಕೆಯ ಕೆಲಸ ಮೆಲುಕಿಗೂ ಅಡ್ಡ ಬರುತ್ತದೆ. ಪ್ರತಿ 40, 45 ನಿಮಿಷಕ್ಕೆ 5 ನಿಮಿಷ ನಿಲ್ಲಿ. ಹುಲ್ಲಿನ ದಿಬ್ಬದ ಮೇಲೆ ಹದಿನೈದು ನಿಮಿಷ ಕೂತರೆ ಬೆವರಿದ ಮೈಗೆ ಗಾಳಿ ಹೊಡೆದು ನಡುಕ ಹಿಡಿಯುತ್ತದೆ.

ಮೊದಲ ಅರ್ಧ ಗಂಟೆಯ ಬಗ್ಗೆ ಮೊದಲೇ ಹೇಳಿಬಿಡಬೇಕು, ಏಕೆಂದರೆ ಬಿಟ್ಟು ಹೋಗುವವರು ಬಿಡುವುದು ಅಲ್ಲಿಯೇ. ಉಸಿರು ಇನ್ನೂ ಹದಕ್ಕೆ ಬಂದಿರುವುದಿಲ್ಲ, ಕಾಲು ಭಾರ, ತಲೆಯೊಳಗಿನ ಗದ್ದಲ ಮನೆಯಲ್ಲಿದ್ದದ್ದಕ್ಕಿಂತ ಜೋರು. ಇದು ಎಲ್ಲರಿಗೂ ಆಗುವಂಥದ್ದು, ಬೆಟ್ಟ ‘ಕೈಕೊಟ್ಟಿತು’ ಎಂದರ್ಥವಲ್ಲ. ಈ ಹೊತ್ತಿಗೆ ಕಿವಿಗೊಂದು ಕೆಲಸ ಕೊಡಿ. ಐದು ಬೇರೆ ಬೇರೆ ಸದ್ದು ಹುಡುಕಿ: ಮನುಷ್ಯರು ಹಾಕಿದಂತೆಯೇ ಕೇಳುವ ಸಿಳ್ಳೆಹಕ್ಕಿಯ ಸಿಳ್ಳೆ, ಕುಟ್ರುಹಕ್ಕಿಯ ಒಂದೇ ಸಮನೆ ಕುಟ್ರು ಕುಟ್ರು, ಜೀರುಂಡೆ, ದೂರದ ಹಳ್ಳದ ನೀರು, ಸ್ವಂತ ಬೂಟು. ಐದಾದ ಮೇಲೆ ಮತ್ತೆ ಮೊದಲಿನಿಂದ. ಇಯರ್‌ಫೋನ್ ಬೇಡ. ಕಿವಿ ಮುಚ್ಚಿದರೆ ಈ ಉಪಾಯವೂ ಹೋಯಿತು, ಆನೆ ಬಿದಿರು ಮುರಿಯುವ ಸದ್ದೂ ಹೋಯಿತು.

ಎದೆ ಬಡಿತ ಗಾಬರಿಯದೋ, ಏರಿನದೋ?

ಆತಂಕದ ಕಾಯಿಲೆ ಇರುವವರಿಗೆ ಬೆಟ್ಟದಲ್ಲಿ ಒಂದು ವಿಶೇಷ ತೊಡಕಿದೆ. ಏರುವಾಗ ಆಗುವ ಎದೆಬಡಿತ, ಏದುಸಿರು, ಬೆವರು ಇವೆಲ್ಲ ಗಾಬರಿ ಹಿಡಿದಾಗಿನ ಲಕ್ಷಣಗಳೇ. ದೇಹ ಏರಿಗೆ ಸ್ಪಂದಿಸುತ್ತಿದ್ದರೆ ಮನಸ್ಸು ಅದನ್ನು ಅಪಾಯವೆಂದು ಓದಿ, ನಿಜವಾದ ಗಾಬರಿಗೆ ಜಾರುತ್ತದೆ. ಕೊಡಗಿನ ಯಾವ ಶಿಖರವೂ 1750 ಮೀಟರ್ ಮೀರುವುದಿಲ್ಲ. ಎತ್ತರದಿಂದ ಬರುವ ಕಾಯಿಲೆ ಸಾಮಾನ್ಯವಾಗಿ 2500 ಮೀಟರ್ ದಾಟಿದ ಮೇಲಿನ ಮಾತು. ಆದ್ದರಿಂದ ‘ಮೇಲೆ ಆಮ್ಲಜನಕ ಇಲ್ಲ’ ಎಂಬ ಹೆದರಿಕೆಯನ್ನು ಇಲ್ಲಿ ಪಕ್ಕಕ್ಕಿಡಬಹುದು.

ಪರೀಕ್ಷೆ ಸುಲಭ. ನಿಲ್ಲಿ, ಮಣಿಕಟ್ಟಿನಲ್ಲಿ ನಾಡಿ ಹಿಡಿದು 15 ಸೆಕೆಂಡ್ ಎಣಿಸಿ ನಾಲ್ಕರಿಂದ ಗುಣಿಸಿ. ಒಂದು ನಿಮಿಷ ಬಿಟ್ಟು ಮತ್ತೆ ಎಣಿಸಿ. ಏರಿನ ಬಡಿತವಾದರೆ ಆ ಒಂದು ನಿಮಿಷದಲ್ಲೇ ಸಾಮಾನ್ಯವಾಗಿ 12ಕ್ಕಿಂತ ಹೆಚ್ಚು ಇಳಿದಿರುತ್ತದೆ. ಇಳಿಯುವುದನ್ನು ತಾನೇ ಎಣಿಸಿ ನೋಡಿದವರಿಗೆ ಎದೆಬಡಿತದ ಮೇಲಿನ ಹೆದರಿಕೆ ಕೆಲವು ವಾರಗಳಲ್ಲಿ ಸಡಿಲವಾಗುತ್ತದೆ. ಮನೋಚಿಕಿತ್ಸಕರು ಕೊಠಡಿಯೊಳಗೆ ಮೆಟ್ಟಿಲು ಹತ್ತಿಸಿ ಕಲಿಸುವುದೂ ಇದನ್ನೇ. ಎದೆಯ ಬಿಗಿತ ಎಡಗೈಗೋ ದವಡೆಗೋ ಹರಡಿದರೆ, ತಣ್ಣನೆಯ ಬೆವರು ಬಂದರೆ, ನಿಂತರೂ ಹತ್ತು ನಿಮಿಷ ಕಡಿಮೆಯಾಗದಿದ್ದರೆ ಅದನ್ನು ಗಾಬರಿ ಎಂದು ತಳ್ಳಿಹಾಕದೆ 108ಕ್ಕೆ ಕರೆ ಮಾಡಿ. ಕಕ್ಕಬ್ಬೆ ಮೇಲಿನ ದಾರಿಯಲ್ಲಿ ನೆಟ್‌ವರ್ಕ್ ಬಂದು ಹೋಗಿ ಮಾಡುತ್ತದೆ, ಎಲ್ಲಿ ಸಿಗುತ್ತದೆ ಎಂಬುದನ್ನು ಹತ್ತುವಾಗಲೇ ಗಮನಿಸಿಟ್ಟುಕೊಳ್ಳಿ.

ಹಸಿವೂ ಆತಂಕದ ವೇಷ ಹಾಕುತ್ತದೆ. ರಕ್ತದಲ್ಲಿ ಸಕ್ಕರೆ ಇಳಿದಾಗ ಕೈನಡುಕ, ಬೆವರು, ಕಾರಣವಿಲ್ಲದ ಕಳವಳ. ಗಂಟೆಗೊಂದು ಬಾಳೆಹಣ್ಣು, ಇಲ್ಲವೇ ಬೆಲ್ಲ, ಕಡಲೆ ಮಿಠಾಯಿ. ಬೆಳಿಗ್ಗೆ ಅಕ್ಕಿ ಒಟ್ಟಿಯೋ (ರೊಟ್ಟಿ) ನೂಪುಟ್ಟೋ (ಶಾವಿಗೆ) ತಿಂದು ಒಂದೂವರೆ ಗಂಟೆ ಬಿಟ್ಟು ಹೊರಡಿ. ನೀರು ಒಬ್ಬರಿಗೆ ಎರಡೂವರೆಯಿಂದ 3 ಲೀಟರ್, ಅದರಲ್ಲೊಂದು ಲೀಟರಿಗೆ ಓಆರ್‌ಎಸ್ ಪೊಟ್ಟಣ. ಪೊಟ್ಟಣವಿಲ್ಲದಿದ್ದರೆ ಲೀಟರಿಗೆ 6 ಮಟ್ಟಸ ಚಹಾಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಕಾಫಿ? ಈ ನಾಡಿನಲ್ಲಿ ಹೇಳುವುದು ಕಷ್ಟ, ಆದರೂ ಗಾಬರಿಯ ತೊಂದರೆ ಇರುವವರು ಹತ್ತುವ ದಿನ ಒಂದು ಲೋಟಕ್ಕೆ ನಿಲ್ಲಿಸಲಿ. ಹೋಮ್‌ಸ್ಟೇಯ ಹಿಂದಿನ ರಾತ್ರಿಯ ಮದ್ಯ ಇದಕ್ಕಿಂತ ದೊಡ್ಡ ಶತ್ರು. ನಿದ್ದೆ ಒಡೆಯುತ್ತದೆ, ಮೈ ಒಣಗುತ್ತದೆ, ಮರುದಿನ ಅಮಲು ಇಳಿಯುವಾಗ ಕಳವಳ ದುಪ್ಪಟ್ಟಾಗುತ್ತದೆ. ಇಂಥ ಪ್ರಯಾಣ ಹಾಳಾಗುವುದು ಹೆಚ್ಚಾಗಿ ಬೆಂಕಿಯ ಸುತ್ತ ಕೂತ ಆ ರಾತ್ರಿಯಲ್ಲೇ.

ಜೊತೆಗಾರರು

ಇಬ್ಬರಿಂದ ನಾಲ್ವರು ಸಾಕು. ನಿಧಾನ ನಡೆಯುವವರದೇ ಎಲ್ಲರ ವೇಗ. ನೊಂದವರು ಸಾಲಿನಲ್ಲಿ ಎರಡನೆಯವರಾಗಿ ನಡೆಯಲಿ: ಮುಂದೊಬ್ಬರು ದಾರಿ ನೋಡುತ್ತಾರೆ, ಹಿಂದೊಬ್ಬರು ಇವರನ್ನು ನೋಡುತ್ತಾರೆ. ಕೊನೆಗೆ ಬಿಟ್ಟರೆ ಹಿಂದುಳಿದ ಭಾವ ಬಲಿಯುತ್ತದೆ, ಅದೂ ಆ ಮನಸ್ಥಿತಿಯಲ್ಲಿ.

ಕಿರುದಾರಿಯಲ್ಲಿ ಒಬ್ಬರ ಹಿಂದೊಬ್ಬರು ನಡೆಯುವಾಗ ಮುಖ ನೋಡದೆ ಮಾತಾಡಬಹುದು. ಎದುರುಬದುರು ಕೂತಾಗ ಬಾಯಿಗೆ ಬಾರದ ಮಾತು ಇಲ್ಲಿ ಬಂದುಬಿಡುತ್ತದೆ. ಅದಕ್ಕೆ ಜೊತೆಗಾರರ ಉತ್ತರ ‘ಹೂಂ’ ಅಷ್ಟೇ ಇರಲಿ. ಉಪದೇಶ, ಹೋಲಿಕೆ, ‘ಅವರ ಮನೆಯಲ್ಲೂ ಹೀಗೇ ಆಗಿತ್ತು’ ಇವುಗಳನ್ನು ಕೆಳಗೆ ಅಂಗಡಿಯಲ್ಲೇ ಬಿಟ್ಟು ಬನ್ನಿ. ಅಳು ಬಂದರೆ ನಿಲ್ಲಿ, ಅಂಚಿನಿಂದ ದೂರ, ಬೆಟ್ಟದ ಕಡೆ ಮುಖಮಾಡಿ ಕೂರಿಸಿ, ನೀರು ಕೊಡಿ, ಸುಮ್ಮನಿರಿ. ಹೆಚ್ಚಿನವರಿಗೆ ಸ್ವಲ್ಪ ಹೊತ್ತಿನಲ್ಲಿ ಅದು ತಾನಾಗಿ ಇಳಿಯುತ್ತದೆ. ಆಮೇಲೆ ಮುಂದೆ ಹೋಗಬೇಕೋ ಹಿಂದಿರುಗಬೇಕೋ ಎಂಬ ನಿರ್ಧಾರ ಅವರದೇ ಆಗಿರಲಿ.

ತಿರುಗುವ ಹೊತ್ತು

ಹೊರಡುವ ಮೊದಲೇ ತಿರುಗುವ ಹೊತ್ತನ್ನು ನಿಗದಿ ಮಾಡಿ. ಅರಮನೆಯಿಂದ ಬೆಳಿಗ್ಗೆ 7ಕ್ಕೆ ಹೊರಟರೆ 11.30. ತುದಿ ಇನ್ನು ಇನ್ನೂರು ಮೀಟರ್ ಇದ್ದರೂ 11.30ಕ್ಕೆ ತಿರುಗುವುದು. ಸುರಕ್ಷೆಗೆ ಇದು ಬೇಕೇಬೇಕು: ಏಪ್ರಿಲ್, ಮೇ ತಿಂಗಳಲ್ಲಿ ಮಧ್ಯಾಹ್ನ ಮೇಲೆ ಗುಡುಗು ಸಿಡಿಲು, ಮರವಿಲ್ಲದ ಹುಲ್ಲಿನ ದಿಬ್ಬದಲ್ಲಿ ಎತ್ತರದ ವಸ್ತು ಮನುಷ್ಯನೇ. ಸಂಜೆಯಾದರೆ ತೋಟದಂಚಿನಲ್ಲಿ ಆನೆ. ಮನಸ್ಸಿಗೆ ಇದು ಬೇಕಾಗಿರುವ ಕಾರಣ ಬೇರೆ. ಕುಗ್ಗಿದವರು ಬೆಟ್ಟವನ್ನು ಪರೀಕ್ಷೆ ಮಾಡಿಕೊಳ್ಳುತ್ತಾರೆ. ತುದಿ ಮುಟ್ಟಿದರೆ ಪಾಸು, ಇಲ್ಲವಾದರೆ ‘ಇದೂ ಆಗಲಿಲ್ಲ’. ಹೊತ್ತನ್ನೇ ಗುರಿಯಾಗಿಸಿ, ಏಳೆಂಟನೆಯ ವಾರದಲ್ಲಿ ಬೇಕೆಂದೇ ಅರ್ಧದಲ್ಲಿ ತಿರುಗಿ ಅಭ್ಯಾಸವಾದವರು ಈ ಬಲೆಗೆ ಸಿಕ್ಕುವುದಿಲ್ಲ.

ಜಾರುವುದು ಹೆಚ್ಚಾಗಿ ಇಳಿಯುವಾಗ. ಸ್ನಾಯು ಹಿಗ್ಗುತ್ತಾ ಭಾರ ತಡೆಯಬೇಕಾದ್ದರಿಂದ ತೊಡೆ ಬೇಗ ಸೋಲುತ್ತದೆ, ಮಂಡಿಗೆ ಹೊಡೆತ ಬೀಳುತ್ತದೆ. ಒಣಹುಲ್ಲು ಒದ್ದೆಹುಲ್ಲಿನಷ್ಟೇ ಜಾರುತ್ತದೆ ಎಂಬುದು ಹೊರಗಿನವರಿಗೆ ಗೊತ್ತಿರುವುದಿಲ್ಲ. ಹೆಜ್ಜೆ ಚಿಕ್ಕದು, ಮಂಡಿ ಸ್ವಲ್ಪ ಬಾಗಿ, ಕೈಯಲ್ಲೊಂದು ಕೋಲು. ಹತ್ತುವ ಮೊದಲು ಲೇಸನ್ನು ಕಣಕಾಲಿನ ಹತ್ತಿರ ಸಡಿಲ, ಇಳಿಯುವ ಮೊದಲು ಅಲ್ಲೇ ಬಿಗಿ. ಇಲ್ಲದಿದ್ದರೆ ಬೆರಳಿನ ಉಗುರು ಬೂಟಿಗೆ ಬಡಿದು ಕಪ್ಪಾಗುತ್ತದೆ.

ಎರಡನೆಯ ದಿನದ ಕುಸಿತ

ಸ್ನಾಯುನೋವು ಏರಿದ 24ರಿಂದ 72 ಗಂಟೆಯೊಳಗೆ ಅತಿ ಹೆಚ್ಚು. ಅದೇ ಹೊತ್ತಿಗೆ ಬೆಟ್ಟದ ಉಮೇದು ಇಳಿದಿರುತ್ತದೆ, ಬಿಟ್ಟು ಬಂದ ಸಮಸ್ಯೆ ಮೇಜಿನ ಮೇಲೆ ಹಾಗೇ ಕುಳಿತಿರುತ್ತದೆ. ‘ಬೆಟ್ಟ ಹತ್ತಿದರೂ ಪ್ರಯೋಜನವಾಗಲಿಲ್ಲ’ ಎಂಬ ತೀರ್ಪು ಬರುವುದು ಆಗಲೇ. ಇದನ್ನು ಮೊದಲೇ ಲೆಕ್ಕಕ್ಕೆ ಹಿಡಿಯಿರಿ. ಮರುದಿನ ರಜೆ ಸಿಕ್ಕರೆ ಒಳ್ಳೆಯದು. 20 ನಿಮಿಷ ಸಮತಟ್ಟಿನಲ್ಲಿ ನಿಧಾನ ನಡಿಗೆ, ಮಾಮೂಲು ಹೊತ್ತಿಗೆ ನಿದ್ದೆ, ಸಂಜೆ ಜೊತೆಗಾರರಲ್ಲಿ ಒಬ್ಬರಿಂದ ಒಂದು ಫೋನು. ಮುಂದಿನ ಸಣ್ಣ ನಡಿಗೆಯ ದಿನವನ್ನು ಇಳಿಯುವ ಮೊದಲೇ ಗೊತ್ತುಮಾಡಿಕೊಂಡಿರಬೇಕು.

ಒಂದು ನೋಟ್‌ಬುಕ್ಕಿನಲ್ಲಿ ಮನಸ್ಸಿನ ಭಾರಕ್ಕೆ 0ಯಿಂದ 10ರವರೆಗೆ ಅಂಕ ಬರೆಯಿರಿ: ಹೊರಡುವ ಮುಂಚೆ, ಸಂಜೆ, 48 ಗಂಟೆಯ ನಂತರ. ಸಂಜೆಯ ಅಂಕ ಯಾವಾಗಲೂ ಚೆನ್ನಾಗಿರುತ್ತದೆ, ಅದನ್ನು ನಂಬಬೇಡಿ. ಲೆಕ್ಕಕ್ಕೆ ಬರುವುದು 48 ಗಂಟೆಯದು. ನಾಲ್ಕೈದು ವಾರಗಳಲ್ಲಿ ಆ ಅಂಕ ಮೆಲ್ಲಗೆ ಇಳಿಯುತ್ತಿದ್ದರೆ ದಾರಿ ಸರಿಯಿದೆ. ಅಲುಗಾಡದೆ ನಿಂತಿದ್ದರೆ ಇನ್ನೂ ಎತ್ತರದ ಬೆಟ್ಟ ಹುಡುಕುವ ಬದಲು ವೈದ್ಯರನ್ನು ಕಾಣಿ.

ಭೂಕುಸಿತ ಕಂಡವರಿಗೆ

2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಮುಕ್ಕೋಡ್ಲು, ಜೋಡುಪಾಲ, ಹಟ್ಟಿಹೊಳೆ ಸುತ್ತಮುತ್ತ ಗುಡ್ಡ ಜರಿದಾಗ ಮನೆ, ತೋಟ, ಜನ ಎಲ್ಲವನ್ನೂ ಕಳೆದುಕೊಂಡವರಿದ್ದಾರೆ. 2019ರಲ್ಲಿ ತೋರ, 2020ರಲ್ಲಿ ತಲಕಾವೇರಿಯ ಬ್ರಹ್ಮಗಿರಿ. ಇವರಿಗೆ ‘ಬೆಟ್ಟ ಹತ್ತಿ, ಮನಸ್ಸು ಹಗುರಾಗುತ್ತದೆ’ ಎಂದು ಹೇಳುವುದು ಒರಟು ಮಾತು. ಗಾಯ ಮಾಡಿದ್ದೇ ಬೆಟ್ಟ. ರಾತ್ರಿಯ ಜೋರು ಮಳೆ, ಹಸಿಮಣ್ಣಿನ ವಾಸನೆ, ದೂರದ ಗುಡುಗುಡು ಸದ್ದು ಸಾಕು, ದೇಹ ಆ ದಿನಕ್ಕೆ ಹೋಗಿ ನಿಲ್ಲುತ್ತದೆ.

ಆದರೂ ಇವರಲ್ಲಿ ಅನೇಕರಿಗೆ ಬೆಟ್ಟದ ಜೊತೆ ಬದುಕದೆ ಬೇರೆ ದಾರಿಯಿಲ್ಲ, ತೋಟ ಇರುವುದೇ ಅಲ್ಲಿ. ಇಲ್ಲಿ ಏಣಿಯ ಮೆಟ್ಟಿಲು ಇನ್ನೂ ಸಣ್ಣದಾಗಿರಬೇಕು, ಸಾಧ್ಯವಾದರೆ ಮನೋವೈದ್ಯರೋ ಆಪ್ತಸಮಾಲೋಚಕರೋ ಜೊತೆಗಿರಬೇಕು. ಜನವರಿಯ ಒಣ ಹಗಲಿನಲ್ಲಿ ರಸ್ತೆಯಿಂದಲೇ ಗುಡ್ಡವನ್ನು ನೋಡುವುದು ಮೊದಲ ಮೆಟ್ಟಿಲು. ಬುಡದಲ್ಲಿ ಹತ್ತು ನಿಮಿಷ ನಡೆಯುವುದು ಎರಡನೆಯದು. ಜರಿಯದ, ಕಾಡು ಹೊದ್ದ ಬೇರೆ ಇಳಿಜಾರನ್ನು ಐವತ್ತು ಮೀಟರ್ ಏರುವುದು ಮೂರನೆಯದು. ಜರಿದ ಜಾಗಕ್ಕೆ ಹೋಗುವುದು ಎಲ್ಲಕ್ಕೂ ಕೊನೆಗೆ, ಹೋಗಲೇಬೇಕೆಂದೂ ಇಲ್ಲ. ಪ್ರತಿ ಮೆಟ್ಟಿಲಲ್ಲೂ ಭಯ 10ರಲ್ಲಿ 8 ಇದ್ದದ್ದು 4ಕ್ಕೆ ಇಳಿಯುವವರೆಗೆ ಅಲ್ಲೇ ನಿಲ್ಲಿ. ಭಯ ತುತ್ತತುದಿಯಲ್ಲಿದ್ದಾಗ ಓಡಿಬಂದರೆ ‘ಓಡಿದ್ದರಿಂದ ಉಳಿದೆ’ ಎಂದು ಮೆದುಳು ಕಲಿಯುತ್ತದೆ, ಮುಂದಿನ ಸಲ ಭಯ ಇನ್ನೂ ಬೇಗ ಏರುತ್ತದೆ. ಕೆಳಗಿನ ಮೆಟ್ಟಿಲಲ್ಲೇ ಭಯ ಇಳಿಯದಿದ್ದರೆ ಮೆಟ್ಟಿಲು ದೊಡ್ಡದಾಯಿತು ಎಂದರ್ಥ.

ಇದೆಲ್ಲ ಒಣ ಕಾಲಕ್ಕೆ. ಹವಾಮಾನ ಇಲಾಖೆ ಆರೆಂಜ್ ಅಲರ್ಟ್ ಕೊಟ್ಟ ಆಗಸ್ಟ್ ರಾತ್ರಿಯಲ್ಲಿ ಹುಟ್ಟುವ ಭಯಕ್ಕೆ ಯಾವ ಚಿಕಿತ್ಸೆಯೂ ಬೇಡ. ನೆಲದಲ್ಲಿ ಹೊಸ ಬಿರುಕು, ವಾಲಿದ ಮರ, ಇದ್ದಕ್ಕಿದ್ದಂತೆ ಕೆಂಪಾದ ತೊರೆ ಕಂಡರೆ ಆ ಭಯದ ಮಾತು ಕೇಳಿ ಮನೆ ಬಿಡಬೇಕು.

ಯಾರು ಹತ್ತಬಾರದು, ಮಾತ್ರೆ ನುಂಗುವವರ ಎಚ್ಚರ

ಸಾಯುವ ಯೋಚನೆ ಬರುತ್ತಿರುವವರು ಒಂಟಿಯಾಗಿ ಬೆಟ್ಟಕ್ಕೆ ಹೋಗಬಾರದು, ಸುಮ್ಮನೆ ಗೆಳೆಯರ ಗುಂಪಿನಲ್ಲೂ ಹೋಗಬಾರದು. ಮೊದಲು ಮನೆಯವರಲ್ಲಿ ಒಬ್ಬರಿಗೆ ಹೇಳಿ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ. ಉಚಿತ, ಹಗಲಿರುಳೂ ಇದೆ, ಕನ್ನಡದಲ್ಲೇ ಮಾತಾಡಬಹುದು. ಆಸ್ಟ್ರಿಯಾದ ಅಧ್ಯಯನದಲ್ಲಿ ಅಂಥವರೇ ಇದ್ದರಲ್ಲ ಎಂದರೆ, ಅಲ್ಲಿ ಪ್ರತಿ ಹೆಜ್ಜೆಗೂ ಮೇಲ್ವಿಚಾರಣೆ ಇತ್ತು. ಎರಡು ಮೂರು ದಿನ ನಿದ್ದೆ ಇಲ್ಲದೆಯೂ ಅತಿಯಾದ ಹುಮ್ಮಸ್ಸಿನಲ್ಲಿರುವವರು, ಈಗಷ್ಟೇ ಕುಡಿತ ಬಿಟ್ಟು ನಡುಕದಲ್ಲಿರುವವರು, ಊಟವೇ ಸೇರದೆ ತೂಕ ಇಳಿದವರು ಇವರೂ ಕಾಯಬೇಕು.

ಲಿಥಿಯಂ ತೆಗೆದುಕೊಳ್ಳುವವರಿಗೆ ವಿಶೇಷ ಎಚ್ಚರಿಕೆ. ನೀರು ಕುಡಿಯದೆ ಬೆವರಿದರೆ ರಕ್ತದಲ್ಲಿ ಅದರ ಮಟ್ಟ ಏರಿ ವಿಷವಾಗಬಹುದು: ಒರಟು ಕೈನಡುಕ, ವಾಂತಿ, ತೊದಲು, ತೂರಾಟ. ಮಂಡಿನೋವಿಗೆಂದು ಐಬುಪ್ರೊಫೆನ್, ಡೈಕ್ಲೊಫೆನಾಕ್ ನುಂಗಿದರೆ ಆ ಮಟ್ಟ ಇನ್ನೂ ಏರುತ್ತದೆ. ಯಾವ ನೋವಿನ ಮಾತ್ರೆ ಸರಿ ಎಂದು ವೈದ್ಯರನ್ನು ಮೊದಲೇ ಕೇಳಿಟ್ಟುಕೊಳ್ಳಿ. ಪ್ರೊಪ್ರನೊಲಾಲ್ ನುಂಗುವವರ ನಾಡಿ ಏರಿನಲ್ಲೂ ಅಷ್ಟಾಗಿ ಏರದು, ಅವರಿಗೆ ಮಾತಿನ ಪರೀಕ್ಷೆಯೇ ಗತಿ. ನಿದ್ದೆ ಮಾತ್ರೆಯ ಮಂಪರು ಬೆಳಿಗ್ಗೆವರೆಗೂ ಉಳಿದಿದ್ದರೆ ಬಂಡೆಯ ಮೇಲೆ ಸಮತೋಲ ತಪ್ಪುತ್ತದೆ. ಇನ್ನು ಎಲ್ಲರಿಗೂ ಹೇಳಬೇಕಾದದ್ದು: ಒಂದು ಒಳ್ಳೆಯ ಏರಿನ ನಂತರ ‘ಇನ್ನು ಮಾತ್ರೆ ಬೇಡ’ ಎಂದು ತಾವಾಗಿ ನಿಲ್ಲಿಸುವವರಿದ್ದಾರೆ. ಕೆಲವು ವಾರಗಳಲ್ಲಿ ಕಾಯಿಲೆ ಮರಳಿ ಬಂದಾಗ ದೂರು ಬೆಟ್ಟದ ಮೇಲೆ.

ಮಳೆಗಾಲದಲ್ಲಿ

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ದಾರಿ ಮುಚ್ಚಿರುತ್ತದೆ, ತೆರೆದಿದ್ದರೂ ಜಿಗಣೆ. ಜಿಗಣೆ ಕಚ್ಚಿದರೆ ಕಿತ್ತೆಸೆಯಬೇಡಿ, ಉಗುರಿನ ಅಂಚಿನಿಂದ ಅದರ ಬಾಯಿಯ ಪಕ್ಕ ಮೆಲ್ಲಗೆ ಸರಿಸಿ ಬಿಡಿಸಿ. ರಕ್ತ ಹೆಪ್ಪುಗಟ್ಟದಂತೆ ಮಾಡುವ ರಸವನ್ನು ಅದು ಬಿಟ್ಟಿರುವುದರಿಂದ ಸ್ವಲ್ಪ ಹೊತ್ತು ಒಸರುತ್ತದೆ, ಗಾಬರಿ ಬೇಡ. ಜುಲೈ, ಆಗಸ್ಟ್‌ನ ಕಕ್ಕಡ ತಿಂಗಳಲ್ಲಿ ಮದ್ದುಸೊಪ್ಪಿನ ಪಾಯಸ ಮಾಡುವ ಕಾಲವಿದು, ಖಿನ್ನತೆ ಇರುವ ಕೆಲವರಿಗೆ ಕಷ್ಟದ ಕಾಲವೂ ಹೌದು. ನಾಲ್ಕು ತಿಂಗಳು ಪೂರ್ತಿ ನಿಲ್ಲಿಸಿದರೆ ಒಂಬತ್ತು ವಾರದ ಗಳಿಕೆ ಕರಗುತ್ತದೆ. ವಾರಕ್ಕೆ ಮೂರು ದಿನ ಮನೆಯ ಮೆಟ್ಟಿಲನ್ನೋ ಕಲ್ಲಿನ ಜಗುಲಿಯನ್ನೋ 20 ನಿಮಿಷ ಹತ್ತಿ ಇಳಿಯಿರಿ. ಮಳೆ ಬಿಡುವು ಕೊಟ್ಟ ಬೆಳಿಗ್ಗೆ ಊರಿನ ರಸ್ತೆಯಲ್ಲಿ, ಬಯಲಿನ ಬೆಳಕು ಬೀಳುವ ಕಡೆ ಅರ್ಧ ಗಂಟೆ. ಜಿಲ್ಲೆಯಲ್ಲಿ 1200ಕ್ಕೂ ಹೆಚ್ಚು ದೇವರಕಾಡುಗಳಿವೆ, ಊರಿನವರ ಕಟ್ಟಳೆ ಏನಿದೆಯೋ ಕೇಳಿಕೊಂಡು ಅವುಗಳ ಅಂಚಿನ ದಾರಿ ಹಿಡಿಯಬಹುದು. ಅಕ್ಟೋಬರ್‌ನಲ್ಲಿ ತುಲಾ ಸಂಕ್ರಮಣ ಕಳೆದು ದಾರಿ ಒಣಗಿದ ಮೇಲೆ, ಮೇ ತಿಂಗಳಲ್ಲಿ ಬಿಟ್ಟ ಮಟ್ಟದಿಂದ ಶುರುಮಾಡದೆ ಮೂರನೆಯ ವಾರದ ಮಟ್ಟದಿಂದ, ಅಂದರೆ 45 ನಿಮಿಷ, 150 ಮೀಟರಿನಿಂದ ಮತ್ತೆ ಹೊರಡಿ.